ಆರರ ಜಾಗದಲ್ಲಿ ಐದು

ತವರದ ತಗಡಿನ ಮೇಲೆ ಎಲ್ಲವೂ ಹಿಂದುಮುಂದು,
ಬಲದಿಂದ ಎಡಕ್ಕೆ ನಡೆಯುತ್ತದೆ ಸಂಗೀತ.
ಲೈಪ್ಜಿಗ್ಗಿನಲ್ಲಿ, ಯುದ್ಧ ಮುಗಿದ ಎರಡನೆಯ ಚಳಿಗಾಲ,
ಠಸೆಗಳನ್ನು ಎಣ್ಣೆಬಟ್ಟೆಯಲ್ಲಿ ಒರೆಸಿ
ಗಾತ್ರ ನೋಡಿ ಜೋಡಿಸಿಡುವುದು ನನ್ನ ಕೆಲಸ.
ಗಾಜು ಒಡೆದ ಕಿಟಕಿಗೆ ಹಳೆಯ ಕರಡು ಹಾಳೆ ಅಂಟಿಸಿದ್ದೆವು;
ಬಿಸಿಲು ಬಂದ ದಿನ
ಒಂದು ವಾಲ್ಟ್ಜ್‌ನ ನೆರಳು ನೆಲದ ಮೇಲೆ ಬೀಳುತ್ತಿತ್ತು.

ಡಾಕ್ಟರ್ ರಾಬೆನೌ ಬಂದದ್ದು ಪಟ್ಟಿ ಹಿಡಿದು.
ಪ್ರಕಾಶಕರಿಗೆ ಹೊಸ ನಿಯಮದ ಪುಸ್ತಕ ಬೇಕಿತ್ತಂತೆ:
ತಾಳದ ಮನೆಯಲ್ಲಿ ಲೆಕ್ಕಕ್ಕಿಂತ ಹೆಚ್ಚೋ ಕಡಿಮೆಯೋ ಕೂತವನ್ನು,
ಮೂರು, ಐದು, ಏಳು,
ನೆತ್ತಿಯ ಮೇಲೊಂದು ಅಂಕಿ ಹೊತ್ತವನ್ನು
ಒಟ್ಟಾಗಿ ಏನೆಂದು ಕರೆಯುವುದು?
"ಅಕ್ರಮ ಗುಂಪು," ಎಂದು ಓದಿದರು, ಕನ್ನಡಕ ಏರಿಸಿಕೊಂಡು.

ಮೇಸ್ತ್ರಿ ಚೋಖೆ ಸುತ್ತಿಗೆ ಕೆಳಗಿಟ್ಟರು.
"ಅಕ್ರಮ ಅಂದರೆ ಸ್ಟೇಷನ್ನಿನ ಹಿಂದೆ
ಕೋಟಿನೊಳಗೆ ಬಚ್ಚಿಟ್ಟು ಮಾರುವ ಬೆಣ್ಣೆ, ಸ್ವಾಮಿ.
ಇವು ಏನು ಕದ್ದವು?
ಒಂದೊಂದೂ ಸರಿಸಮ, ಕೂದಲೆಳೆ ವ್ಯತ್ಯಾಸವಿಲ್ಲ.
ಪಾಲು ಬೇರೆ, ಅಷ್ಟೆ."
"ಹಾಗಾದರೆ, ಅಪವಾದ?"
"ಅಪವಾದ ಹೊರಿಸಬೇಡಿ, ಪಾಪದವು."
"ವಿಷಮ?"
"ಅದು ನನಗೆ ಹೋದ ವರ್ಷ ಬಂದಿದ್ದ ಜ್ವರ.
ಮೂರರ ಜಾಗಕ್ಕೆ ಎರಡೂ ಬಂದು ಕೂರುತ್ತದಲ್ಲ,
ಎರಡು ಯಾವತ್ತು ವಿಷಮವಾಯಿತು?"

ಕಡೆಗೆ ಮೇಜಿನ ಮೇಲಿದ್ದ ಹಸ್ತಪ್ರತಿ ತಿರುಗಿಸಿ ತೋರಿಸಿದರು.
ಒಂದೇ ತೊಲೆಗೆ ನೇತುಬಿದ್ದ ಐದು ಸ್ವರ,
ಮೇಲೆ ಬರೀ 5.
ತಾಳ ಬರೆದಿದ್ದ ಮೊದಲ ಹಾಳೆ ಸುಟ್ಟುಹೋಗಿತ್ತು.
"ನಾಲ್ಕಿರಬೇಕಾದಲ್ಲಿ ಐದೋ, ಆರಿರಬೇಕಾದಲ್ಲಿ ಐದೋ?
ಮೊದಲನೆಯದಾದರೆ ಬೆರಳು ಓಡಬೇಕು.
ಎರಡನೆಯದಾದರೆ ಒಂದಿಷ್ಟು ಕಾಲು ಚಾಚಬಹುದು.
ಬರೆದವರು ಡ್ರೆಸ್ಡೆನ್‌ನಲ್ಲಿದ್ದರು. ಯಾರನ್ನು ಕೇಳೋಣ?"

"ಸಂದರ್ಭ ನೋಡಿದರೆ ತಿಳಿಯುತ್ತದೆ," ಎಂದರು ಡಾಕ್ಟರ್.

ಕಿಟಕಿಯುದ್ದಕ್ಕೂ ನಮ್ಮ ಬೆಂಚು.
"ಎಣಿಸಿ," ಎಂದರು ಮೇಸ್ತ್ರಿ.
ಅವರು ಎಣಿಸಿದರು, ಬೆರಳು ಮಡಿಸದೆ, ಕಣ್ಣಲ್ಲೇ.
"ಐದು."
"ಒಬ್ಬ ಹೆಚ್ಚಿಗೆ ಬಂದು ಸೇರಿದನೋ,
ಒಬ್ಬ ಎದ್ದು ಹೋದನೋ,
ಐದು ಅಂದರೆ ಗೊತ್ತಾಗುತ್ತದೆಯೆ?"

ಉಳಿ ಉಜ್ಜುವ ಸದ್ದು ನಿಂತಿತು.
ನಾವು ಐವರೂ ಸಮನಾಗಿ ಹರಡಿಕೊಂಡು ಕೂತಿದ್ದೆವು,
ನಡುವೆ ಎಲ್ಲೂ ಖಾಲಿ ಕಾಣದ ಹಾಗೆ.
ಯಾರೂ ಹಾಗೆ ಕೂರಿ ಎಂದು ಹೇಳಿರಲಿಲ್ಲ.
ಎಕ್‌ಹಾರ್ಟ್‌ನ ಹಿಡಿಗೆ ಸವೆದ ಠಸೆಗಳು
ನನ್ನ ಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿದ್ದವು.
ಅವನ್ನೂ ದಿನಾ ಒರೆಸುತ್ತಿದ್ದೆ.

ನಿಯಮದ ಪುಸ್ತಕ ಅಚ್ಚಾಗಿ ಬಂದಾಗ
ಅಧ್ಯಾಯದ ಹೆಸರು ಅಕ್ರಮವೆಂದೇ ಇತ್ತು.
ಆದರೆ ಕೆಳಗೆ, ಸಣ್ಣ ಅಕ್ಷರದಲ್ಲಿ:
ಅನುಮಾನವಿದ್ದಲ್ಲಿ ಎರಡೂ ಅಂಕಿ ಬರೆಯತಕ್ಕದ್ದು,
ಎಷ್ಟು ಬಂದವು, ಎಷ್ಟರ ಜಾಗದಲ್ಲಿ.
ನಡುವೆ ಎರಡು ಚುಕ್ಕಿ.

ಆ ಚುಕ್ಕಿಯ ಠಸೆ ಮೊದಲ ಸಲ ನನ್ನ ಕೈಗೆ ಕೊಟ್ಟರು.
ಎರಡು ಪೆಟ್ಟು, ಒಂದರ ಮೇಲೊಂದು, ಬಲು ಹಗುರ.
ತಗಡಿನ ಮೇಲೆ ಅದು ಆರರಿಂದ ಶುರುವಾಗಿ
ಐದಕ್ಕೆ ಬಂದು ನಿಂತಂತೆ ಕಂಡಿತು.

ಡ್ರೆಸ್ಡೆನ್ನಿನ ಆ ಹಸ್ತಪ್ರತಿಯ ಐದನ್ನು ಮಾತ್ರ
ಹಾಗೇ ಒಂಟಿಯಾಗಿ ಕೆತ್ತಿದೆವು.
ಊಹೆ ಮಾಡಿ ತುಂಬುವುದು ನಮ್ಮ ಕಸುಬಲ್ಲ, ಎಂದರು ಮೇಸ್ತ್ರಿ,
ಮತ್ತೆ ದೀಪವನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು.