ಬಣ್ಣದ ಬಾಬ್ತು

ಹತ್ತು ತಿಂಗಳ ಅಡ್ವಾನ್ಸಿನಲ್ಲಿ
ಒಂದು ತಿಂಗಳದ್ದು ಬಣ್ಣದ ಬಾಬ್ತು ಮುರಿದುಕೊಂಡು
ಮಿಕ್ಕಿದ್ದನ್ನು ಎರಡು ಸಲ ಎಣಿಸಿ ಕೊಟ್ಟರು ಮುನಿಯಲ್ಲಪ್ಪನವರು.
ಉಗುಳು ಹಚ್ಚಿದ ಹೆಬ್ಬೆರಳು, ಐನೂರರ ನೋಟು.
"ಗೋಡೆ ತುಂಬಾ ಗೀಚಿದೀಯ ಕಣಮ್ಮ,
ಎರಡು ಕೋಟಿಂಗ್ ಬೇಕು ಅದು ಮುಚ್ಚೋಕೆ."

ಗೀಚಿದ್ದಲ್ಲ, ಬರೆದದ್ದು.
ಅಕ್ಕಿ ಡಬ್ಬದ ಮೇಲುಗಡೆ, ಸ್ವಿಚ್ ಬೋರ್ಡಿನ ಕೆಳಗೆ,
ಪೆನ್ಸಿಲಿನಲ್ಲಿ, ಏಳು ವರ್ಷ.
ಪುಸ್ತಕವಾದರೆ ಮುಚ್ಚಿಟ್ಟು ಮಲಗಬಹುದು.
ಗೋಡೆ ಹಾಗಲ್ಲ,
ಗಂಜಿ ಬಸಿಯುವಾಗ ಎದುರಿಗೇ ನಿಂತಿರುತ್ತದೆ.

ನೀರಿನ ಕ್ಯಾನಿಗೆ ನಾಲ್ಕು ಗೀಟು, ಐದನೆಯದು ಅಡ್ಡ.
ಹಾಲು ಏರಿದ ದಿನ ತಾರೀಕಿನ ಸುತ್ತ ಒಂದು ಸೊನ್ನೆ.
ಗ್ಯಾಸು. ಚೀಟಿ. ಅತ್ತೆಯ ಬಿ.ಪಿ. ಮಾತ್ರೆ.
ಓಟಿ ಮಾಡಿದ ರಾತ್ರಿಗಳಿಗೆ ಒಂದೊಂದು ಚುಕ್ಕೆ,
ಕಾಲರ್ ಲೈನಿನಲ್ಲಿ ಬೆರಳಿಗೆ ಸೂಜಿ ಹೊಕ್ಕ ವಾರ
ಚುಕ್ಕೆಯಿಲ್ಲ.

ಭಿವಂಡಿಯಿಂದ ನಾದಿನಿ ಫೋನು ಮಾಡಿದಾಗೆಲ್ಲ
ಅದೇ ಮಾತು:
"ನಿಮ್ಮದೇನು ಬಿಡು, ಅಗ್ಗದ ರಾಜ್ಯ.
ಬಸ್ಸಿಗೂ ದುಡ್ಡಿಲ್ಲವಂತೆ, ಕರೆಂಟಿಗೂ ಇಲ್ಲವಂತೆ."
ಹೌದು ಅಂದೆ. ಸುಳ್ಳೇನಲ್ಲ.
ಸೊನ್ನೆ ರೂಪಾಯಿ ಅಂತ ಅಚ್ಚಾದ ಗುಲಾಬಿ ಟಿಕೇಟು
ಲಗ್ಗೆರೆಯಿಂದ ಪೀಣ್ಯಕ್ಕೆ ದಿನವೂ ಕೈಯಲ್ಲಿ ಬೆವರುತ್ತದೆ.
ಖರ್ಚು ಶುರುವಾಗುವುದು
ಇಳಿದ ಮೇಲೆ.

ಈಗ ಅಂದ್ರಹಳ್ಳಿ.
ಬಾಡಿಗೆ ಸಾವಿರದಿನ್ನೂರು ಕಡಿಮೆ, ಮೆಟ್ಟಿಲು ಮೂವತ್ತೆರಡು ಜಾಸ್ತಿ.
ಗೂಡ್ಸ್ ಆಟೋದಲ್ಲಿ ಬೀರುವಿನ ಕನ್ನಡಿ ಹಿಡಿದುಕೊಂಡು
ಕೂತಿದ್ದಳು ಮಗಳು ಲಿಖಿತ,
ದಾರಿಯುದ್ದಕ್ಕೂ ಆಕಾಶ ಅವಳ ತೊಡೆಯ ಮೇಲೆ.

ಹಾಲುಕ್ಕಿಸಿ, ಚೆಲ್ಲಿದ್ದನ್ನು ಒರೆಸುತ್ತಾ
ತಲೆಯೆತ್ತಿದರೆ
ಟ್ಯೂಬ್ ಲೈಟಿನ ಬೆಳಕಿಗೆ ಗೋಡೆಯೊಳಗಿಂದ ಯಾರದೋ ಅಕ್ಷರ.
ಇಲ್ಲೂ ಮುರಿದಿದ್ದಾರೆ ಯಾರದೋ ಒಂದು ತಿಂಗಳು,
ಬಳಿದದ್ದು ಮಾತ್ರ
ನೀರು ಬೆರೆಸಿದ ಒಂದೇ ಕೋಟು.

ಜಬೀನಾ ಚೀಟಿ, ಸಾವಿರದೈನೂರು.
ಕೆಮ್ಮಿನ ಟಾನಿಕ್, ಎಂಬತ್ತಾರು.
ಸ್ಕೂಲ್ ಶೂ, ಹೊಡೆದು ಹಾಕಿದೆ.
ಮುಂದಿನ ಸಾಲಲ್ಲೂ ಸ್ಕೂಲ್ ಶೂ, ಅದನ್ನೂ ಹೊಡೆದು ಹಾಕಿದೆ.
ಆಮೇಲೆ ಎಲ್ಲೋ ಕೆಳಗೆ, ಟೈಲ್ಸಿನ ಅಂಚಿಗೆ ತಾಗಿ
ಶೂ, ನಾನೂರ ಎಪ್ಪತ್ತು.
ಒತ್ತಿ ಬರೆದಿದ್ದಾಳೆ, ಗಾರೆಯಲ್ಲಿ ಗುಳಿ ಬಿದ್ದಿದೆ.

ಅವಳೇ ಅಂತ ಹೇಗೆ ಗೊತ್ತು?
ಗೊತ್ತು. ನಿಂತೇ ಬರೆದ ಅಕ್ಷರ ಅದು,
ಒಂದು ಕಿವಿ ಕುಕ್ಕರಿನ ಕಡೆಗಿಟ್ಟು.

ಅಭ್ಯಾಸಬಲ, ನಾನೂ ಒಮ್ಮೆ ಕೂಡಿದೆ.
ನೂರು ತಪ್ಪಿದೆ.
ಹತ್ತರ ಮನೆ ಸರಿಯಾಗಿಯೇ ಕೂಡಿದ್ದಾಳೆ,
ಕೈಯಲ್ಲಿ ಒಂದು ಇಟ್ಟುಕೊಂಡಿದ್ದಾಳೆ,
ನೂರರ ಮನೆಗೆ ಹೋಗುವಷ್ಟರಲ್ಲಿ
ಯಾರೋ ಕರೆದಿರಬೇಕು. ಗಾಡಿಯವನೋ, ಮಗುವೋ.
ಕೈಯಲ್ಲಿದ್ದ ಒಂದು ಕೈಯಲ್ಲೇ ಉಳಿದಿದೆ.

ಪರ್ಸಿನಲ್ಲಿ ಇಲ್ಲದ ಆ ನೂರನ್ನು
ಎಲ್ಲೆಲ್ಲಿ ಹುಡುಕಿದಳೋ.
ಸಾಸಿವೆ ಡಬ್ಬಿ, ದಿಂಬಿನ ಕವರು,
ಗಂಡನ ಪ್ಯಾಂಟಿನ ಜೇಬು.
ಯಾರನ್ನು ಅಂದಳೋ. ನಾನಂತೂ ಒಮ್ಮೆ
ಹೀಗೇ ಒಂದು ನೂರಕ್ಕೆ
ಲಿಖಿತಳ ಬ್ಯಾಗು ನೆಲಕ್ಕೆ ಸುರಿದಿದ್ದೆ.
ರಬ್ಬರು, ಬಳೆ ಚೂರು, ಅರ್ಧ ತಿಂದ ಚಿಕ್ಕಿ.
ಅವಳು ಅಳಲಿಲ್ಲ. ಒಂದೊಂದಾಗಿ ವಾಪಸು ತುಂಬಿಕೊಂಡಳು.
ಆ ಲೆಕ್ಕ ಗೋಡೆಗೆ ಬರೆದಿರಲಿಲ್ಲ.

ಮುನಿಯಲ್ಲಪ್ಪನವರೂ ಬಳಿಸಿರಲಿಕ್ಕಿಲ್ಲ ಎರಡು ಕೋಟು.
ಲಗ್ಗೆರೆಯ ಆ ಮನೆಯಲ್ಲಿ ಈ ಹೊತ್ತಿಗೆ ಯಾರೋ
ಅಕ್ಕಿ ಆರಿಸುತ್ತಾ ನನ್ನ ಏಳು ವರ್ಷ ಓದುತ್ತಿರಬಹುದು.
ಓದಲಿ. ತಪ್ಪು ಸಿಕ್ಕರೆ ತಿದ್ದಲಿ.

ಲಿಖಿತಳ ಪೆನ್ಸಿಲು ಕೇಳಿ ಇಸಕೊಂಡು
ಆ ಅಪರಿಚಿತಳ ಮೊತ್ತದ ಪಕ್ಕ, ಚಿಕ್ಕದಾಗಿ,
ಬಿಟ್ಟುಹೋದ ಒಂದನ್ನು ಅದರ ಮನೆಗೆ ಸೇರಿಸಿದೆ.
ಕೆಳಗೆ ಒಂದು ಗೆರೆ ಎಳೆದು
ನನ್ನದು ಶುರು ಮಾಡಿದೆ:
ಗೂಡ್ಸ್ ಆಟೋ, ಒಂಬೈನೂರು.
ಹಾಲು, ಅರ್ಧ ಲೀಟರು, ಅದರಲ್ಲಿ
ಉಕ್ಕಿ ಹೋದದ್ದು ಎಷ್ಟೋ.