ಕೂದಲೆಳೆಯಲ್ಲಿ ತಪ್ಪಿದ್ದು

ಐದೂವರೆಗೆ ಷಟರ್ ಅರ್ಧ ಇಳಿಸಿ
ಕೌಂಟರಿನ ಕೆಳಗಿಂದ ನೀಲಿ ರಟ್ಟಿನ ಪುಸ್ತಕ ತೆಗೆಯುತ್ತೇನೆ.
ಆಗಿಹೋದ ತಪ್ಪುಗಳಿಗೆ ಬೇರೆ ಇದೆ, ಕೆಂಪು.
ಇದು ಆಗಲಿದ್ದು ಆಗದೆ ಉಳಿದವುಗಳದ್ದು:
ಐದರ ಬದಲು ಹತ್ತು ಮಿಲಿಗ್ರಾಂ,
ಒಂದೇ ಬಣ್ಣದ ಡಬ್ಬಿ, ಒಂದೇ ಹೆಸರಿನ ಇಬ್ಬರು ಮುದುಕರು,
ಚೀಲಕ್ಕೆ ಬೀಳುವ ಮೊದಲು ಯಾರದೋ ಕಣ್ಣಿಗೆ ಬಿದ್ದು
ವಾಪಸು ಶೆಲ್ಫಿಗೆ ಹೋದದ್ದು.
ದಿನಾಂಕ, ಗಂಟೆ, ಏನು, ಏಕೆ,
ಕೊನೆಯ ಕಾಲಮಿನಲ್ಲಿ ಎರಡಕ್ಷರ, ಯಾರ ಕೈ ಎಂದು.

ಆರ್ಬ್ರೋತಿನ ಈ ಬೀದಿಗೆ ಸಂಜೆಯಾದರೆ
ಬಂದರಿನ ಹೊಗೆಗೂಡುಗಳಿಂದ ಮೀನಿನ ವಾಸನೆ.
ಹನ್ನೊಂದು ವರ್ಷ. ಕೋಟಿಗೆ ಹತ್ತಿದೆ,
ಹತ್ತಿದ್ದು ನನಗೆ ತಿಳಿಯುವುದು ನಿಂತಿದೆ.

ಐಲ್ಸಾ ಹೊಸಬಳು. ಹತ್ತೊಂಬತ್ತು.
ಉಗುರಿಗೆ ಹಸಿರು ಬಣ್ಣ, ಮಾತ್ರೆ ಎಣಿಸುವಾಗ ತುಟಿ ಅಲ್ಲಾಡುತ್ತದೆ.
ಅವಳ ಎರಡಕ್ಷರ ಕಾಲಮಿನುದ್ದಕ್ಕೂ
ಇರುವೆ ಸಾಲಿನಂತೆ ಇಳಿದಿದೆ.
ನನ್ನದು ಫೆಬ್ರುವರಿಯಿಂದ ಈಚೆಗೆ ಇಲ್ಲ.
ಫೆಬ್ರುವರಿಯಿಂದ ಈಚೆಗೆ ನಾನು ಎಡವಿಯೇ ಇಲ್ಲವೆ?
ಪುಟ ಹಿಂದಕ್ಕೆ ತಿರುಗಿಸಿದೆ.

ಮಂಗಳವಾರ, ಮೂರು ಇಪ್ಪತ್ತು.
ಮಿಸ್ಟರ್ ಕ್ರೇಗಿಯ ನೀರಿಳಿಸುವ ಮಾತ್ರೆ.
ಡಬ್ಬಿ ತೆಗೆದುಕೊಟ್ಟವಳು ನಾನು.
ಲೇಬಲ್ ಅಂಟಿಸುತ್ತ, "ಇದು ನಲವತ್ತು, ಬೇಕಾದ್ದು ಇಪ್ಪತ್ತಲ್ಲವಾ?"
ಎಂದವಳು ಅವಳು.
ಬರೆಯುವ ಹೊತ್ತಿಗೆ ನನಗೆ ಫೋನ್ ಬಂತು.
ಸಾಲು ಅವಳೇ ತುಂಬಿದಳು,
ಕೈ ರೂಢಿಗೆ ತನ್ನದೇ ಅಕ್ಷರ ಹಾಕಿದಳು.
ನಾನು ನೋಡಿದೆ.
ನೋಡಿ, "ಒಂದು ನಿಮಿಷ ಲೈನಿನಲ್ಲಿರಿ" ಎನ್ನುತ್ತ
ಆಮೇಲೆ ಸರಿ ಮಾಡೋಣ ಅಂದುಕೊಂಡೆ.

ಆ ಆಮೇಲೆಗೆ ಇವತ್ತಿಗೆ ಒಂಬತ್ತು ದಿನ.

ಎಷ್ಟು ಚಿಕ್ಕದು, ಪೆನ್ನಿನ ಎರಡು ಗೀಟು.
ಕ್ರೇಗಿ ಆರಾಮಾಗಿದ್ದಾರೆ, ಮೊನ್ನೆ ನಾಯಿಯ ಜೊತೆ ಬಂದಿದ್ದರು.
ಯಾರಿಗೂ ಏನೂ ಆಗಲಿಲ್ಲ.
ಈ ವಾಕ್ಯವೇ ಮೊದಲ ಎಲೆ.
ಅವಳಿಗೂ ಕಲಿತಂತಾಯಿತು ಬಿಡು, ಎರಡನೆಯದು.
ಮೂರನೆಯದು ನಿನ್ನೆ ಬಿಟ್ಟಿತು: ಮ್ಯಾನೇಜರ್ ಕೇಳಿದಾಗ
"ಹುಡುಗಿ ಸ್ವಲ್ಪ ಅವಸರದವಳು"
ಎಂದಿತು ನನ್ನ ಬಾಯಿ. ಎಷ್ಟು ಮೆತ್ತಗೆ,
ಎಂಥ ಅಕ್ಕರೆಯಿಂದ!
ಉಗುರಲ್ಲಿ ಹೋಗುವುದು ಕೊಡಲಿ ಬೇಡುವ ತನಕ
ಹೀಗೆಯೇ ಬೆಳೆಯುವುದೇನೋ, ಯಾರೂ ನೀರೆರೆಯದೆ.

ಗದಗಿನಲ್ಲಿ ಅವ್ವ ಜೋಳ ಹಸನು ಮಾಡುವಾಗ
ಮೊರವನ್ನು ಬಾಗಿಲ ಬೆಳಕಿಗೆ ವಾಲಿಸುತ್ತಿದ್ದಳು.
ಹರಳು ಜೋಳದ ಬಣ್ಣವನ್ನೇ ಉಟ್ಟು ಕೂತಿರುತ್ತದೆ,
ಹಲ್ಲಿಗೆ ತಿಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ.
ನನ್ನ ಮುಂದೆಯೂ ಮಾತ್ರೆ ಎಣಿಸುವ ಮೂರು ಮೂಲೆಯ ತಟ್ಟೆ.
ವಾಲಿಸಿದರೆ ಬಿಳಿಯ ಪುಡಿ ಮಾತ್ರ.

ಅಳಿಸುವಂತಿಲ್ಲ, ಇಲ್ಲಿ ಹಾಗೊಂದು ನಿಯಮ.
ಹಳೆಯದು ಓದಲು ಬರುವಂತೆ ಒಂದೇ ಗೆರೆ,
ಪಕ್ಕದಲ್ಲಿ ಸರಿಯಾದದ್ದು, ತಿದ್ದಿದ ತಾರೀಖು.
ಗೆರೆ ಎಳೆದೆ. ನನ್ನ ಎರಡಕ್ಷರ ಬರೆದೆ.
ಒಂಬತ್ತು ದಿನದ ಆ ತೂತು
ಇನ್ನು ಅಲ್ಲೇ ಇರುತ್ತದೆ, ತೆರೆದವರ ಕಣ್ಣಿಗೆ.

ಮ್ಯಾನೇಜರಿಗೆ ನಾಳೆ ಹೇಳಿದರಾಯಿತು
ಎಂದುಕೊಂಡವಳು, ನಾಳೆ ಎಂಬುದು ನನಗೇ ಕೇಳಿಸಿ
ಫೋನ್ ಎತ್ತಿದೆ.
ಆ ಕಡೆ ರಿಂಗಾಗುತ್ತಿತ್ತು. ಅರ್ಧ ಇಳಿದ ಷಟರಿನ ಕೆಳಗೆ
ಐಲ್ಸಾಳ ಬೂಟು ಕಾಣುತ್ತಿತ್ತು,
ಬಸ್ಸು ಕಾಯುತ್ತ, ಚಳಿಗೆ ನೆಲ ಒದೆಯುತ್ತ.
ಅವಳ ಹತ್ತಿರ ಹೋಗಬೇಕೆಂದರೆ
ಬಗ್ಗಿಯೇ ಹೋಗಬೇಕು.