ಏಳನೇ ಪ್ರಶ್ನೆ

ಡೆಟ್ರಾಯ್ಟ್ ನಗರ ನುಂಗದೆ ಬಿಟ್ಟ ಪುಟ್ಟ ಊರು ಹ್ಯಾಮ್‌ಟ್ರಾಮಿಕ್;
ಅಲ್ಲಿ, ಮುಚ್ಚಿಹೋದ ಬೌಲಿಂಗ್ ಹಾಲಿನ ಹಿಂದೆ,
ಆಗಸ್ಟಿನ ಶನಿವಾರ. ಡಾಂಬರು ಮೆತ್ತಗಾಗಿ
ಮಡಚುವ ಕುರ್ಚಿಗಳ ಕಾಲು ಒಂದೊಂದಿಂಚು ಇಳಿದಿದ್ದವು.
ಮೂವತ್ತೊಂದು ಕಾರು, ಎಲ್ಲವೂ ಬಾನೆಟ್ ಎತ್ತಿ
ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ.

ನಾನು ಕ್ಲಬ್ಬಿನ ಖಜಾಂಚಿ. ಬಹುಮಾನ ತಂದವನೂ ನಾನೇ:
ಮೊದಲನೆಯದು, ಅಂಗೈಯಗಲದ ಲೋಹದ ಕೆಸ್ಟ್ರೆಲ್,
ಬಾಗಿಲು ತೆರೆಯುತ್ತದೆ, ಚಕ್ರ ತಿರುಗುತ್ತದೆ;
ಆಮೇಲೆ ಎರಡು ಟೋಪಿ, ಒಂದು ಡಬ್ಬಿ ಮೇಣ;
ಸೋತವರ ಸಮಾಧಾನಕ್ಕೆ, ಕಾರಿನೊಳಗೆ ನೇತುಹಾಕುವ
ಪರಿಮಳದ ರಟ್ಟು, ಡಜನ್ನಿಗೆ ಒಂಬತ್ತು ಡಾಲರಿನದು.

ಮೈಕು ಹಿಡಿದವನು ಡ್ವೇನ್ ಒಸ್ಟ್ರಾಂಡರ್.
ಆರು ಪ್ರಶ್ನೆ ಹೋದವು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.
ಏಳನೆಯದು:
'ಎಪ್ಪತ್ತರ ಕೆಸ್ಟ್ರೆಲ್. ತೆರೆದ ಛಾವಣಿ,
ದೊಡ್ಡ ಎಂಜಿನ್ನು, ನಾಲ್ಕು ಗೇರು, ಪಾಚಿ ಹಸಿರು.
ಒಟ್ಟು ಎಷ್ಟು ಹೊರಬಂದವು?'

'ಹದಿನಾಲ್ಕು!' ಅಂದ ಮುಸಾಯಿದ್,
ಯೆಮೆನಿನವರ ಹುಡುಗ, ಹನ್ನೆರಡು ವರ್ಷ,
ಪಕ್ಕದ ಬೀದಿಯ ಟಯರಂಗಡಿ ಅವರಪ್ಪನದು,
ಪುಸ್ತಕವೆಲ್ಲ ಬಾಯಿಪಾಠ.
ಡ್ವೇನ್ ಗಂಟೆ ಬಾರಿಸಲು ಕೈಯೆತ್ತಿದ್ದಾನೆ,

'ಹದಿನೈದು.'

ನೆರಳಿದ್ದ ಒಂದೇ ಕಡೆ, ಕಸದ ಡಬ್ಬದ ಪಕ್ಕ,
ಗಾಲಿಚೀಲದ ಮೇಲೆ ಕೈಯೂರಿ ಯಾದ್ವಿಗಾ ವೊಯ್ತಾಸ್.
ಕ್ಲಬ್ಬಿನವಳಲ್ಲ. ಎಲೆಕೋಸು ಕೊಳ್ಳಲು ಹೊರಟವಳು.

'ಪುಸ್ತಕದಲ್ಲಿ ಹದಿನಾಲ್ಕು ಇದೆಯಮ್ಮಾ.'
'ಪುಸ್ತಕ ಸೀಟು ಹೊಲಿಯಲಿಲ್ಲ. ನಾನು ಹೊಲಿದೆ.
ಮೂರನೇ ಮಹಡಿ, ಕಿಟಕಿಯ ಸಾಲು, ಎಡಗೈ.
ಹದಿನಾಲ್ಕಕ್ಕೇ ಹಸಿರು ದಾರ ಮುಗಿದಿತ್ತು.
ಇದಕ್ಕೆ ಕಪ್ಪು ಹಾಕು ಅಂದರು,
ಯಾರು ಕೂರಬೇಕು, ಯಾರು ನೋಡಬೇಕು ಅಂದರು.'

ಅದಕ್ಕೆ ನಂಬರಿಲ್ಲ, ಬಿಲ್ಲಿಲ್ಲ.
ಒಳಗೆ ಎರಡು ಬೊಂಬೆ ಕೂರಿಸಿ
ತಂತಿ ಕಟ್ಟಿ ಎಳೆದರಂತೆ. ಇನ್ನೂರಡಿ ಓಡಿತು,
ನೇರ, ಗಂಟೆಗೆ ಮೂವತ್ತು ಮೈಲಿ,
ಕಾಂಕ್ರೀಟಿನ ಗೋಡೆಗೆ.
ಅದರ ಇಡೀ ಆಯುಸ್ಸು ಅಷ್ಟು.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

'ಊಟದ ಡಬ್ಬಿ ಹಿಡಿದು ಬೇಲಿಯಾಚೆ ನಿಂತು ನೋಡಿದೆವು.
ಸೀಟು ಹರಿಯಲಿಲ್ಲ,' ಅಂದಳು.
ಐವತ್ತು ವರ್ಷ ದಾಟಿದ ಮೇಲೂ, ಅದನ್ನು ಹೇಳುವಾಗ
ಗದ್ದ ಸ್ವಲ್ಪ ಮೇಲೆದ್ದಿತು.

ಸಾಲಿನ ಕೊನೆಗೆ ನಿಂತಿತ್ತು ಆ ಹದಿನಾಲ್ಕರಲ್ಲೊಂದು.
ಒಡೆಯ ಲಾಯ್ಡ್ ಫೆನ್ಸ್ಕಿ; ಮುಂದೊಂದು 'ಮುಟ್ಟಬೇಡಿ' ಹಲಗೆ.
ಒಂದು ತಿರುಪೂ ಬದಲಾಗಿಲ್ಲವೆಂದು
ಬಂದವರಿಗೆಲ್ಲ ಇಪ್ಪತ್ತು ವರ್ಷದಿಂದ ಹೇಳುತ್ತ ಬಂದವನು
'ಬನ್ನಿ, ನಿಮ್ಮದೇ ಸೀಟು' ಎಂದು ಬಾಗಿಲು ತೆಗೆದ.
ಜನ ಫೋನು ಎತ್ತಿ ನೆರೆದರು.
ಅವಳು ಕೂರಲಿಲ್ಲ. ಬಗ್ಗಿ, ಎರಡು ಬೆರಳು
ಸೀಟಿನಡಿಗೆ ತೂರಿಸಿ ತಡವಿದಳು,
ಅಕ್ಕಿಯಲ್ಲಿ ಕಲ್ಲು ಹುಡುಕುವವಳಂತೆ,
ಬಹಳ ಹೊತ್ತು.

'ಗಂಟು ಬಲಗೈಯದು,' ಅಂದಳು. 'ನನ್ನದಲ್ಲ.'

ಲಾಯ್ಡ್ ನಕ್ಕ, ಅರ್ಧಕ್ಕೇ ನಿಲ್ಲಿಸಿದ.
ಯಾರೋ ಕೆಮ್ಮಿದರು. ಡ್ವೇನ್ ಎಂಟನೇ ಪ್ರಶ್ನೆ ಓದಿದ.

ನಿಯಮ ನಿಯಮವೇ; ಪುಟ್ಟ ಕಾರು ಮುಸಾಯಿದನಿಗೆ.
ಅವನು ಅದರ ಬಾಗಿಲು ತೆರೆದು, ಒಂದು ಕಣ್ಣು ಮುಚ್ಚಿ,
ಸೀಟಿನಲ್ಲಿ ದಾರವೇನಾದರೂ ಇದೆಯೇ ಎಂದು ನೋಡುತ್ತಿದ್ದ.

ಅವಳಿಗೆ ರಟ್ಟು ಕೊಟ್ಟೆ, ನಾಚಿಕೊಳ್ಳುತ್ತಲೇ.
ಅದರ ಮೇಲೆ 'ಹೊಸ ಕಾರಿನ ವಾಸನೆ' ಎಂದಿತ್ತು.
ಮೂಗಿಗೆ ಹಿಡಿದು ತಲೆಯಾಡಿಸಿದಳು.
'ಇದಲ್ಲ. ಗೋಂದು. ಬಿಸಿ ಕಬ್ಬಿಣ. ಹೆಲ್ಯಾಳ ಸಿಗರೇಟು.'
ಆದರೂ ಗಾಲಿಚೀಲದ ಹಿಡಿಗೆ ಕಟ್ಟಿಕೊಂಡು
ರಸ್ತೆ ದಾಟಿದಳು, ಎಲೆಕೋಸು ಮುಗಿದುಹೋಗುವ ಮುಂಚೆ.

ಮುಂದಿನ ವರ್ಷ ಆ ಪ್ರಶ್ನೆ ಬೇಡವೆಂದು ಸಭೆ ತೀರ್ಮಾನಿಸಿತು.
ಖರ್ಚಿನ ಪುಸ್ತಕದಲ್ಲಿ ನಾನು ಬರೆದದ್ದು ಇಷ್ಟೇ:
ಪರಿಮಳದ ರಟ್ಟು, ಒಂದು. ಎಪ್ಪತ್ತೈದು ಸೆಂಟು.